ನೀರಿನ ರುಚಿ

ಸಿಂಪಿ ಎಂದ ಕೂಡಲೇ ಘಟ್ಟದ ಮೇಲಿನವರಿಗೆ ಮುತ್ತು ನೆನಪಾಗುತ್ತದೆ. ಘಟ್ಟದ ಕೆಳಗಿನವರಾದ ನಮಗೆ ಊಟ ನೆನಪಾಗುತ್ತದೆ. ಸ್ವಾತಿಯ ಮಳೆಹನಿಯನ್ನು ಬಾಯ್ದೆರೆದು ಹಿಡಿದು ಮುತ್ತು ಮಾಡುವ ಸಿಂಪಿ ಕವಿಗಳ ಸೊತ್ತು. ಅದರ ತಂಟೆಗೆ ನಾನು ಹೋಗುವುದಿಲ್ಲ. ನಾನು ಹೇಳಹೊರಟಿರುವುದು ಪರದೇಶದವರು ಆಯ್‌ಸ್ಟರ್ ಎಂದು ಕರೆದು, ಐಸಿನ ಮೇಲೆ ಮಲಗಿಸಿ, ಹಸಿಹಸಿಯಾಗಿಯೇ ತಿನ್ನುವ ಸಿಂಪಿಯ ವಿಷಯ. ಹೊರಗಿನಿಂದ ನೋಡಿದರೆ ಅದೊಂದು ಒಡೆದ ಹಂಚಿನ ಚೂರು. ಎಂದಾದರೊಮ್ಮೆ ಅದರ ಹೊಟ್ಟೆಯಲ್ಲಿ ಮುತ್ತಿನಂಥದೇನಾದರೂ ಸಿಕ್ಕರೂ ಅದು ಬರಿಯ ಮಸಕು ಕಲ್ಲು. ಯಾವ ಅಕ್ಕಸಾಲಿಗನೂ ಅದನ್ನು ತಕ್ಕಡಿಗೆ ಹಾಕಲಾರ.

ಸಸ್ಯಾಹಾರಿಗಳಾದ ಓದುಗರು ಇಲ್ಲಿಯೇ ಪುಟ ಮಗುಚಬಾರದೆಂದು ನನ್ನದೊಂದು ಬಿನ್ನಹ. ಮೊದಲನೆಯದಾಗಿ, ನಮ್ಮ ಕರಾವಳಿಯಲ್ಲಿ ಮೀನಿನ ವಾಸನೆಗೆ ಮೂಗು ಮುಚ್ಚುವ ಮಡಿವಂತರೂ ಊಟದ ಮೇಲೆ ವೀಳ್ಯದೆಲೆಗೆ ಹಚ್ಚುತ್ತಿದ್ದುದು ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನೇ. ಎರಡನೆಯದಾಗಿ, ಈ ಬರಹದಲ್ಲಿ ಸಿಂಪಿ ಒಂದು ನೆಪ. ನಿಜವಾದ ವಿಷಯ ನೀರು. ನೀರಿನ ರುಚಿ ತಿಳಿಯದ ಕನ್ನಡಿಗರುಂಟೆ?

ಬೆಂಗಳೂರಿನಲ್ಲಿ ಮನೆ ಬದಲಾಯಿಸಿದವರಿಗೆಲ್ಲ ಇದು ಗೊತ್ತು. ಅದೇ ಅಂಗಡಿಯ ಅದೇ ಪುಡಿ, ಅದೇ ಫಿಲ್ಟರು, ಅದೇ ಕೈ. ಆದರೂ ಕಾವೇರಿ ನೀರಿನ ಡಿಕಾಕ್ಷನ್ನಿಗೂ ಬೋರ್‌ವೆಲ್ ನೀರಿನ ಡಿಕಾಕ್ಷನ್ನಿಗೂ ಅಜಗಜಾಂತರ. ತೊಗರಿಬೇಳೆಯ ಪಾಡಂತೂ ಕೇಳಲೇಬೇಡಿ. ಗಡಸು ನೀರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಅದು ಕಣ್ಣು ಬಿಟ್ಟುಕೊಂಡೇ ಕೂತಿರುತ್ತದೆ. ಯಾವ ಊರಿಗೆ ಹೋದರೂ ನನ್ನ ಹೆಂಡತಿ ಮೊದಲು ಕೇಳುತ್ತಿದ್ದ ಪ್ರಶ್ನೆ "ಇಲ್ಲಿಯ ನೀರಿಗೆ ಬೇಳೆ ಬೇಯುತ್ತದೆಯೆ?" ಎಂಬುದು. ಬ್ಯಾಂಕಿನ ನೌಕರನ ಕೈಹಿಡಿದು, ವರ್ಗವಾದಲ್ಲೆಲ್ಲ ಬಂದು, ಏಳು ಊರುಗಳ ನೀರು ಕುಡಿದವಳು ಅವಳು. ಆ ಊರುಗಳನ್ನು ಅವಳು ಮನಸ್ಸಿನಲ್ಲಿ ಬೇಳೆ ಬೇಯುವ ಊರು, ಬೇಳೆ ಬೇಯದ ಊರು ಎಂದು ಎರಡೇ ಪಂಗಡ ಮಾಡಿ ಇಟ್ಟುಕೊಂಡಿದ್ದಳು. ನಮ್ಮ ಮಾತಿನಲ್ಲಿ ನೀರಿಗೆ ಋಣವೂ ಉಂಟು. ಒಂದೂರಿನ ವಾಸ ಮುಗಿದರೆ "ಅಲ್ಲಿಯ ನೀರಿನ ಋಣ ತೀರಿತು" ಎನ್ನುತ್ತೇವೆ. ಮನುಷ್ಯರ ವಿಷಯದಲ್ಲಿ ಇದು ಒಂದು ಮಾತಿನ ಅಲಂಕಾರವಿದ್ದೀತು. ಸಿಂಪಿಯ ವಿಷಯದಲ್ಲಿ ಅಕ್ಷರಶಃ ನಿಜ.

ಸಿಂಪಿಯ ಬಾಳುವೆಯೇ ಒಂದು ವಿಚಿತ್ರ. ಹುಟ್ಟಿದ ಮೊದಲ ಎರಡು ಮೂರು ವಾರ ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿಯಾಗಿ ನೀರಿನಲ್ಲಿ ತೇಲಾಡುತ್ತದೆ. ಆಮೇಲೆ ಗಟ್ಟಿಯಾದ ತಾವೊಂದನ್ನು, ಬಹುಮಟ್ಟಿಗೆ ತನ್ನ ಹಿರಿಯರ ಹಳೆಯ ಚಿಪ್ಪನ್ನೇ, ಹುಡುಕಿ ಅದಕ್ಕೆ ತನ್ನನ್ನು ಅಂಟಿಸಿಕೊಂಡುಬಿಡುತ್ತದೆ. ಅಲ್ಲಿಗೆ ಅದರ ಪ್ರವಾಸ ಮುಗಿಯಿತು. ತಾನಾಗಿ ಮತ್ತೆ ಒಂದು ಅಂಗುಲವೂ ಸರಿಯಲಾರದು. ಉಳಿದ ಆಯುಷ್ಯವೆಲ್ಲ ಬಾಯಿ ತೆರೆದು ನೀರು ಸೋಸುತ್ತ ಕೂರುವ ಕೆಲಸ. ಬೆಳೆದ ಸಿಂಪಿಯೊಂದು ಎಲ್ಲ ಅನುಕೂಲವಿದ್ದ ದಿನ ನೂರು ಲೀಟರಿಗೂ ಮೀರಿ ನೀರು ಸೋಸಬಲ್ಲದು. ಆ ನೀರಿನಲ್ಲಿ ಎಷ್ಟು ಉಪ್ಪೋ ಅದರ ಮೈಯಲ್ಲೂ ಅಷ್ಟೇ ಉಪ್ಪು. ಹೊರಗಿನ ಉಪ್ಪಿಗೆ ಸರಿತೂಗುವುದಕ್ಕಾಗಿ ಅದು ಕೆಲವು ಅಮೈನೋ ಆಮ್ಲಗಳನ್ನು ಒಳಗೆ ಕೂಡಿಡುತ್ತದೆ. ನಾಲಗೆಗೆ ಸವಿಯೆಂದು ತೋರುವುದರಲ್ಲಿ ಇವುಗಳ ಪಾಲು ದೊಡ್ಡದು. ಚಳಿಗಾಲ ಹತ್ತಿರವಾದಂತೆ ಗ್ಲೈಕೋಜನ್ ಎಂಬ ಹಿಟ್ಟಿನಂಥ ಪದಾರ್ಥವನ್ನೂ ತುಂಬಿಕೊಳ್ಳುತ್ತದೆ. ತಣ್ಣೀರಿನ ಸಿಂಪಿ ಮೈದುಂಬಿ, ತುಸು ಸಿಹಿಯಾಗಿ ಇರುವುದು ಇದರಿಂದ. ಬೇಸಗೆಯಲ್ಲಿ ಆ ಕೂಡಿಟ್ಟ ಗಂಟೆಲ್ಲ ಸಂತಾನಕ್ಕೆ ಖರ್ಚಾಗಿ ಸಿಂಪಿ ಸೊರಗುತ್ತದೆ. ಇಂಗ್ಲಿಷ್ ಹೆಸರಿನಲ್ಲಿ ಆರ್ ಅಕ್ಷರವಿಲ್ಲದ ತಿಂಗಳಲ್ಲಿ, ಎಂದರೆ ಮೇಯಿಂದ ಆಗಸ್ಟ್‌ವರೆಗೆ, ಸಿಂಪಿ ತಿನ್ನಬಾರದೆಂಬ ಹಳೆಯ ಗಾದೆ ಹುಟ್ಟಿದ್ದಕ್ಕೆ ಇದೂ ಒಂದು ಕಾರಣ. ಈಗ ಬೀಜವಿಲ್ಲದ ಕಲ್ಲಂಗಡಿಯಂತೆ ಸಂತಾನದ ಗೊಡವೆಯಿಲ್ಲದ ಸಿಂಪಿಯನ್ನು ಬೆಳೆಸಿ ಆ ಗಾದೆಯನ್ನು ಸಡಿಲಿಸಿದ್ದಾರೆ. ಆದರೂ ಹಳಬರು ಚಳಿಗಾಲವನ್ನೇ ಕಾಯುತ್ತಾರೆ.

ನಾನು ಹುಟ್ಟಿದ್ದು ಕುಮಟೆಯ ಕಡೆ, ಅಘನಾಶಿನಿ ಸಮುದ್ರ ಸೇರುವಲ್ಲಿ. ಅಲ್ಲಿ ನೀರು ಇಳಿದ ಹೊತ್ತಿಗೆ ಹೆಂಗಸರು ಸೊಂಟದವರೆಗೆ ಹೊಳೆಗಿಳಿದು ಬಳಚು ಆಯುತ್ತಾರೆ. ಬಂಡೆಗೆ ಕಚ್ಚಿಕೊಂಡ ಸಿಂಪಿಯನ್ನು, ಕೊಂಕಣಿಯವರು ಕಲ್ವಾ ಎನ್ನುವುದನ್ನು, ಕಬ್ಬಿಣದ ಉಳಿಯಿಂದ ಎಬ್ಬಿಸಿ ತರುತ್ತಾರೆ. ಮನೆಯಲ್ಲಿ ಅದಕ್ಕೆ ತೆಂಗಿನಕಾಯಿ, ಒಣಮೆಣಸು, ಹುಳಿ ಎಲ್ಲ ಬಿದ್ದು, ಕುದಿ ಬಂದು, ಒಲೆಯಿಂದ ಇಳಿಯುವವರೆಗೆ ಅಮ್ಮ ನಮ್ಮನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹಸಿಯದನ್ನು ಬಾಯಿಗಿಡುವ ಮಾತು ಯಾರ ಕನಸಿನಲ್ಲೂ ಬರುವಂತಿರಲಿಲ್ಲ. ಅದು ಸರಿಯಾದ ಬುದ್ಧಿಯೇ. ಮೂವತ್ತು ಡಿಗ್ರಿಯ ಆಸುಪಾಸಿನ ಬೆಚ್ಚನೆಯ ನೀರಿನಲ್ಲಿ ರೋಗಾಣುಗಳಿಗೂ ಸುಗ್ಗಿ; ಅಂಥ ನೀರಿನ ಸಿಂಪಿಯನ್ನು ಬೇಯಿಸದೆ ತಿನ್ನುವುದು ಅಪಾಯ. ಹಸಿಯಾಗಿ ತಿನ್ನುವ ಪದ್ಧತಿ ಬೇರೂರಿರುವುದು ಹೆಚ್ಚಾಗಿ ತಣ್ಣೀರಿನ ದೇಶಗಳಲ್ಲಿ. ಅಲ್ಲಿಯೂ ಸರಕಾರದವರು ಆಗಾಗ ನೀರನ್ನು ಪರೀಕ್ಷಿಸಿ, ಕೆಟ್ಟಿದ್ದರೆ ಆ ಕೊಲ್ಲಿಯನ್ನೇ ಮುಚ್ಚಿಸುತ್ತಾರೆ. ಮಸಾಲೆಯ ಮರೆಯಲ್ಲಿ ನಮ್ಮ ಸಿಂಪಿಯ ನೀರಿನ ರುಚಿ ನನಗೆ ಎಂದೂ ಪ್ರತ್ಯೇಕವಾಗಿ ತಿಳಿದದ್ದಿಲ್ಲ. ಅದು ತಿಳಿಯಲು ನಾನು ಅರುವತ್ತೆಂಟನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಬೇಕಾಯಿತು.

ಹೋದದ್ದು ಸಿಂಪಿಗಾಗಿ ಅಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲ. 2021ರಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಸಿಯಾಟಲ್‌ನಲ್ಲಿರುವ ಮಗ ಎರಡು ವರ್ಷ ಫೋನಿನಲ್ಲಿ ಹೇಳಿದ್ದನ್ನೇ ಹೇಳಿದ: "ಅಪ್ಪಾ, ಅಲ್ಲಿ ಒಬ್ಬನೇ ಇದ್ದು ಏನು ಮಾಡುತ್ತೀ? ಇಲ್ಲಿಗೇ ಬಂದುಬಿಡು." ಬರುವುದು ಒಂದು ಮಾತು, ಬಂದುಬಿಡುವುದು ಇನ್ನೊಂದು ಮಾತು. ಮೂರು ತಿಂಗಳು ಇದ್ದು ನೋಡಿ ಆಮೇಲೆ ಹೇಳುತ್ತೇನೆಂದು 2023ರ ನವೆಂಬರಿನಲ್ಲಿ ಹೊರಟೆ. ಉತ್ತರ ಕೊಡಬೇಕಾದ ಪ್ರಶ್ನೆಯೊಂದು ನನ್ನ ಪೆಟ್ಟಿಗೆಯಲ್ಲಿ, ಉಪ್ಪಿನಕಾಯಿ ಭರಣಿಯ ಜತೆಗೆ ಪ್ರಯಾಣ ಮಾಡಿತು.

ಸಿಯಾಟಲ್ ಇರುವುದು ಅಮೆರಿಕದ ವಾಯವ್ಯ ಮೂಲೆಯಲ್ಲಿ, ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ತೋಳಿನ ದಡದಲ್ಲಿ. ಹಿಂದೊಂದು ಕಾಲದಲ್ಲಿ ಹಿಮನದಿಗಳು ನೆಲವನ್ನು ಕೊರೆದು ಹೋದ ಜಾಡಿನಲ್ಲಿ ಕಡಲು ಒಳನುಗ್ಗಿ, ದಕ್ಷಿಣದ ತುದಿಯಲ್ಲಿ ಕೈಬೆರಳುಗಳಂತೆ ಕವಲೊಡೆದಿದೆ. ಒಂದೊಂದು ಬೆರಳೂ ಒಂದೊಂದು ಕೊಲ್ಲಿ. ಒಂದಕ್ಕೆ ಹಿಮಬೆಟ್ಟದಿಂದ ನದಿ ಇಳಿದರೆ ಇನ್ನೊಂದಕ್ಕೆ ಬರಿಯ ತೊರೆ. ಒಂದು ಆಳ, ಒಂದು ಕೆಸರು. ಈ ಕೊಲ್ಲಿಗಳಲ್ಲಿ ನಮ್ಮವರು ಗದ್ದೆ ಮಾಡಿದಂತೆ ಅಲ್ಲಿಯವರು ಸಿಂಪಿಯ ಬೇಸಾಯ ಮಾಡುತ್ತಾರೆ. ಉತ್ತರ ಅಮೆರಿಕದಲ್ಲಿ ಸಾಗುವಳಿಯಾಗುವ ಸಿಂಪಿಯಲ್ಲಿ ಮುಖ್ಯವಾದ ಜಾತಿಗಳು ಐದು. ಆ ಐದನ್ನೂ ಒಂದೇ ಮೇಜಿನ ಮೇಲೆ ತರಿಸಿ ರುಚಿ ನೋಡಬಹುದಾದ ಊರು ಸಿಯಾಟಲ್.

ಡಿಸೆಂಬರಿನ ಒಂದು ಸಂಜೆ ಮಗ ನಮ್ಮನ್ನೆಲ್ಲ ಬಂದರಿನ ಹತ್ತಿರದ ಆಯ್‌ಸ್ಟರ್ ಬಾರಿಗೆ ಕರೆದೊಯ್ದ. ಮೈಸೂರಿನ ಸಸ್ಯಾಹಾರಿ ಮನೆಯಿಂದ ಬಂದ ಸೊಸೆ "ಮಾವ, ನೀವು ತಿನ್ನಿ, ನಾನು ನೋಡುತ್ತೇನೆ" ಎಂದು ಆಲೂಗಡ್ಡೆ ಚಿಪ್ಸ್ ತರಿಸಿಕೊಂಡಳು. ಎಂಟು ವರ್ಷದ ಮೊಮ್ಮಗಳು ಮಾತ್ರ ಗಿರಾಕಿಗಳ ಪೈಕಿ ತಾನೇ ಹಿರಿಯಳೆಂಬ ಗತ್ತಿನಲ್ಲಿ ಕುಳಿತಿದ್ದಳು. ಕಟ್ಟೆಯ ಹಿಂದೆ ಒಬ್ಬ ಯುವಕ ಮೊಂಡು ಮೂತಿಯ ಚಿಕ್ಕ ಚೂರಿಯನ್ನು ಚಿಪ್ಪಿನ ಕೀಲಿಗೆ ಚುಚ್ಚಿ, ಒಂದು ತಿರುವು ಕೊಟ್ಟು, ಒಳಗಿನ ನೀರು ಒಂದು ಹನಿಯೂ ಚೆಲ್ಲದಂತೆ ತೆರೆಯುತ್ತಿದ್ದ. ನಮ್ಮೂರ ಹೆಂಗಸರ ಕೈಚಳಕವೇ ಅದು. ಬೆಲೆ ಮಾತ್ರ ಒಂದಕ್ಕೆ ಮೂರೂವರೆ ಡಾಲರು.

ತಿನ್ನುವುದಕ್ಕೂ ಒಂದು ಕ್ರಮವುಂಟು. ಮೊದಲನೆಯದಕ್ಕೆ ನಿಂಬೆಹಣ್ಣು ಹಿಂಡಬಾರದು. ಮೊದಲು ಮೂಸಬೇಕು, ಆಮೇಲೆ ಚಿಪ್ಪಿನ ನೀರನ್ನು ತುಸು ಹೀರಬೇಕು, ಆಮೇಲೆ ಸಿಂಪಿಯನ್ನು ಬಾಯಿಗೆ ಜಾರಿಸಿ ಎರಡು ಮೂರು ಸಲ ಅಗಿಯಬೇಕು. ನಾನು ಕಣ್ಣು ಮುಚ್ಚಿ ಗುಳಿಗೆಯಂತೆ ನುಂಗುವ ಸನ್ನಾಹದಲ್ಲಿದ್ದಾಗ ಮಗ "ಅಪ್ಪಾ, ನುಂಗಬೇಡ, ಅಗಿ. ನುಂಗಿದರೆ ಉಪ್ಪು ಮಾತ್ರ ಗೊತ್ತಾಗುತ್ತದೆ" ಎಂದ. ಅವನ ಮಾತು ನಿಜ. ಉಪ್ಪು ಮೊದಲು ಬರುತ್ತದೆ, ಅಗಿದಾಗ ಸಿಹಿ ಬರುತ್ತದೆ, ಹೋಗುವಾಗ ಮೂರನೆಯದೊಂದು ಬಂದು ಬಾಯಲ್ಲಿ ಉಳಿಯುತ್ತದೆ. ಈ ಮೂರನೆಯದರಲ್ಲೇ ಊರಿನ ಗುರುತು ಹೆಚ್ಚು.

ಮೊದಲ ತಟ್ಟೆಯಲ್ಲಿ ಮಗ ಒಂದೇ ಜಾತಿಯ ಸಿಂಪಿಯನ್ನು ಮೂರು ನೀರುಗಳಿಂದ ತರಿಸಿದ್ದ. ಮೂರೂ ಪೆಸಿಫಿಕ್ ಸಿಂಪಿ. ಹುಡ್ ಕೆನಾಲಿನದು ಮೊದಲು. ಹೆಸರು ಕಾಲುವೆಯೆಂದಿದ್ದರೂ ಅದು ಮನುಷ್ಯ ತೋಡಿದ್ದಲ್ಲ, ಹಿಮನದಿ ಕೊರೆದ ಆಳವಾದ ಕಡಲತೋಳು. ಒಲಿಂಪಿಕ್ ಬೆಟ್ಟಗಳ ಕರಗಿದ ಹಿಮ ಅದಕ್ಕೆ ಇಳಿಯುತ್ತದೆ. ಆ ಸಿಂಪಿಯಲ್ಲಿ ಉಪ್ಪು ಹದವಾಗಿದ್ದು, ಕೊನೆಯಲ್ಲಿ ಆಗತಾನೆ ಕೊಯ್ದ ಎಳೆ ಸೌತೆಕಾಯಿಯ ವಾಸನೆ ಬಂತು. ಇದು ನನ್ನ ಕಲ್ಪನೆಯಲ್ಲ. ಸೌತೆ ಕರಬೂಜಗಳ ಸುವಾಸನೆಗೆ ಕಾರಣವಾದ ದ್ರವ್ಯಗಳ ಹತ್ತಿರದ ನೆಂಟರೇ ಈ ಸಿಂಪಿಯಲ್ಲೂ ಇವೆ. ಎರಡನೆಯದು ಟಾಟನ್ ಇನ್‌ಲೆಟ್ ಎಂಬ ದಕ್ಷಿಣದ ಬೆರಳಿನದು. ಅಲ್ಲಿಯ ನೀರು ಆಳವಿಲ್ಲದ್ದು, ಪಾಚಿಯ ಆಹಾರ ಹೇರಳ. ಉಬ್ಬರವಿಳಿತ ನಾಲ್ಕು ಮೀಟರಿನಷ್ಟು ಏರಿಳಿಯುತ್ತದೆ. ಉಂಡು ಬೆಳೆದ ಮನೆಯ ಮಗುವಿನಂತೆ ಅದರ ಸಿಂಪಿ ಕೊಬ್ಬಿತ್ತು. ಉಪ್ಪು ಕಡಿಮೆ, ಕುಚ್ಚಲಕ್ಕಿ ಗಂಜಿಯ ತಿಳಿಯಂಥ ಒಂದು ತುಂಬು ರುಚಿ. ಮೂರನೆಯದು ವಿಲ್ಲಾಪಾ ಕೊಲ್ಲಿಯದು. ಅದು ಸೌಂಡಿನ ಒಳಗಿನದಲ್ಲ, ಮಹಾಸಾಗರಕ್ಕೇ ಬಾಯಿ ತೆರೆದದ್ದು; ಪ್ರತಿ ಇಳಿತಕ್ಕೂ ಹೆಚ್ಚುಕಡಿಮೆ ಅರ್ಧ ನೀರು ಹೊರಗೆ ಹೋಗಿ ಹೊಸದು ಬರುತ್ತದೆ. ಅದರಲ್ಲಿ ಉಪ್ಪು ಮುಂದಾಗಿ, ಹಿಂದಿನಿಂದ ಹಸಿರು ಹುಲ್ಲಿನ ಸಿಹಿ ಬಂತು. ಕುಲ ಒಂದೇ, ನೀರು ಮೂರು, ರುಚಿ ಮೂರು.

ಎರಡನೆಯ ತಟ್ಟೆ ಜಾತಿಗಳದು. ಜಪಾನಿನ ಕ್ಯೂಷೂ ದ್ವೀಪದಿಂದ ಬಂದ ಕುಮಾಮೊಟೊ ಚಿಕ್ಕದು, ಆಳವಾದ ಬಟ್ಟಲಿನಂಥ ಚಿಪ್ಪು, ಕರಬೂಜದ ಸಿಹಿ. ಹೊಸಬರಿಗೆ ಭಯ ಹುಟ್ಟಿಸದ ಸಿಂಪಿ. ಅಟ್ಲಾಂಟಿಕ್ ಜಾತಿಯದನ್ನು ಎರಡು ಕಡೆಯಿಂದ ತಂದಿದ್ದರು. ಒಂದು ಕೆನಡದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮಾಲ್ಪೆಕ್. ಆ ದ್ವೀಪದ ಮಣ್ಣು ನಮ್ಮ ಕರಾವಳಿಯದರಂತೆ ಕೆಂಪು. ಆದರೆ ಚಳಿಗಾಲದಲ್ಲಿ ಅಲ್ಲಿಯ ಕೊಲ್ಲಿಗಳು ಹೆಪ್ಪುಗಟ್ಟುತ್ತವೆ, ಸಿಂಪಿ ಐಸಿನ ಅಡಿಯಲ್ಲಿ ಬಾಯಿ ಮುಚ್ಚಿ ನಿದ್ರೆ ಮಾಡುತ್ತದೆ. ಅದರ ರುಚಿ ಚಳಿಗಾಲದ ಬೆಳಗಿನಂತೆ ನಿಚ್ಚಳ: ಉಪ್ಪು, ಒಂದು ಕ್ಷಣ ಸಿಹಿ, ಮುಗಿಯಿತು. ಅದೇ ಜಾತಿಯನ್ನು ಟಾಟನ್ ಕೊಲ್ಲಿಯಲ್ಲಿ ಬೆಳೆಸಿದ್ದು ಪಕ್ಕದಲ್ಲೇ ಇತ್ತು. ಅದರ ಗರಿಗರಿ ಕಡಿತ ಅಟ್ಲಾಂಟಿಕ್ಕಿನದೇ. ಬಾಯಲ್ಲಿ ಕೊನೆಗೆ ಉಳಿದದ್ದು ಮಾತ್ರ ಟಾಟನ್ನಿನ ಅದೇ ಗಂಜಿಯ ತಿಳಿ. ತಾಯಿಯಿಂದ ಹಲ್ಲಿನ ಕೆಳಗಿನ ಗುಣ ಬಂದರೆ ನೀರಿನಿಂದ ನಾಲಗೆಯ ಮೇಲಿನ ಗುಣ ಬಂದಿತ್ತು.

ಯೂರೋಪಿನ ಚಪ್ಪಟೆ ಸಿಂಪಿ ನಾಲ್ಕನೆಯದು. ಫ್ರಾನ್ಸಿನ ಬ್ರಿಟನಿ ಪ್ರಾಂತದ ಬೆಲೋನ್ ನದಿಯಿಂದಾಗಿ ಪ್ರಸಿದ್ಧವಾದ ಜಾತಿ; ನಾವು ತಿಂದದ್ದು ವಾಷಿಂಗ್ಟನ್ ರಾಜ್ಯದಲ್ಲೇ ಬೆಳೆದದ್ದು. ಹುಣಿಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಪಾತ್ರೆಯನ್ನು ಮೂಸಿದಂಥ ಒಗರು ಬಹಳ ಹೊತ್ತು ಬಾಯಲ್ಲಿ ನಿಂತಿತು. ಕಡೆಯದು ಒಲಿಂಪಿಯಾ. ಐದರಲ್ಲಿ ಆ ನೀರಿಗೆ ಹುಟ್ಟಿನಿಂದ ಸೇರಿದ್ದು ಇದೊಂದೇ. ಉಳಿದ ನಾಲ್ಕೂ ವಲಸೆ ಬಂದವು. ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅಷ್ಟಾಗಲು ಅದಕ್ಕೆ ಮೂರು ನಾಲ್ಕು ವರ್ಷ ಬೇಕು. ಬಾಯಿಗಿಟ್ಟ ಕೂಡಲೇ, ರಾತ್ರಿಯೆಲ್ಲ ತಾಮ್ರದ ತಂಬಿಗೆಯಲ್ಲಿಟ್ಟು ಬೆಳಿಗ್ಗೆ ಕುಡಿಯುವ ನೀರು ನೆನಪಾಯಿತು. ನನ್ನ ಅಜ್ಜನ ತಂಬಿಗೆಯ ನೀರೇ ಅದು. ಸಾವಿರಾರು ಮೈಲಿ ದೂರದ, ನನಗೂ ನನ್ನ ಕುಲಕ್ಕೂ ಏನೇನೂ ಸಂಬಂಧವಿಲ್ಲದ ಪ್ರಾಣಿಯೊಂದು ಅಜ್ಜನನ್ನು ಏಕೆ ನೆನಪಿಸಬೇಕು?

ಮನೆಗೆ ಬಂದ ಮೇಲೆ ಈ ಐದರ ಚರಿತ್ರೆಯನ್ನು ಓದಲು ಕುಳಿತೆ. ಡಿಸೆಂಬರಿನಲ್ಲಿ ಸಿಯಾಟಲ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಮಳೆ ಬೇರೆ, ಓದದೆ ಇನ್ನೇನು? ಒಲಿಂಪಿಯಾದ್ದು ದುಃಖದ ಕಥೆ. 1849ರಲ್ಲಿ ಚಿನ್ನದ ಬೆನ್ನು ಹತ್ತಿದ ಜನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಿಕ್ಕಿರಿದಾಗ ಅವರ ಹೊಟ್ಟೆಗೆಂದು ವಿಲ್ಲಾಪಾ ಕೊಲ್ಲಿಯ ಸಿಂಪಿಯನ್ನು ಹಡಗುಗಟ್ಟಲೆ ಬಳಿದರು. ದಕ್ಷಿಣದ ಬೆರಳುಗಳಲ್ಲಿ ಉಳಿದುಕೊಂಡದ್ದಕ್ಕೆ 1927ರಲ್ಲಿ ಶೆಲ್ಟನ್ ಎಂಬಲ್ಲಿ ತಲೆಯೆತ್ತಿದ ಕಾಗದದ ತಿರುಳಿನ ಕಾರ್ಖಾನೆಯ ಕೊಳೆನೀರು ತಾಗಿತು. ಮೂವತ್ತು ವರ್ಷದ ಮೇಲೆ, 1957ರಲ್ಲಿ, ಕಾರ್ಖಾನೆ ಮುಚ್ಚಿದರೂ ಸಿಂಪಿ ಹಿಂದಿನ ಹುಲುಸಿಗೆ ಮರಳಲಿಲ್ಲ. ಸರಿಯಲು ಬಾರದವರಿಗೆ ಕೆಟ್ಟ ನೀರಿನಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಪೆಸಿಫಿಕ್ ಸಿಂಪಿಯ ಕಥೆ ವಲಸೆಯದು. 1919ರಲ್ಲಿ ಜಪಾನಿನ ಮಿಯಾಗಿ ಪ್ರಾಂತದಿಂದ ಹಡಗಿನಲ್ಲಿ ಬಂದ ಸಿಂಪಿಯನ್ನು ಪ್ಯೂಜೆಟ್ ಸೌಂಡಿನ ಉತ್ತರದಲ್ಲಿರುವ ಸಮಿಶ್ ಕೊಲ್ಲಿಯಲ್ಲಿ ಇಳಿಸಿದರು. ದೊಡ್ಡವು ಪ್ರಯಾಣದ ಶ್ರಮಕ್ಕೆ ಸತ್ತವು. ಅವುಗಳ ಚಿಪ್ಪಿಗೆ ಅಂಟಿಕೊಂಡಿದ್ದ, ಯಾರ ಲೆಕ್ಕದಲ್ಲೂ ಇಲ್ಲದ ಮರಿಗಳು ಬದುಕಿ ಬೆಳೆದವು. ಆ ಬೇಸಾಯವನ್ನು ತೊಡಗಿದವರು ಜಪಾನೀಯರು. 1921ರಲ್ಲಿ ವಾಷಿಂಗ್ಟನ್ ರಾಜ್ಯ, ತಮ್ಮಂಥ ಪರದೇಶದವರು ಭೂಮಿ ಹೊಂದಬಾರದೆಂದು ಕಾಯಿದೆ ಮಾಡಿದಾಗ ಅವರು ಆ ಕೊಲ್ಲಿಯ ಗದ್ದೆಗಳನ್ನು ಬಿಳಿಯರಿಗೆ ಮಾರಬೇಕಾಯಿತು. ಸಿಂಪಿಗೆ ನೀರು ಹೊಂದಿತು. ತಂದವರಿಗೆ ನೆಲ ಹೊಂದಗೊಡಲಿಲ್ಲ. ಇದನ್ನು ಓದಿದ ದಿನ ಮಗನ ಮುಖವನ್ನು ಊಟದ ಹೊತ್ತಿನಲ್ಲಿ ಸ್ವಲ್ಪ ಹೆಚ್ಚಾಗಿಯೇ ನೋಡಿದೆನೆಂದು ತೋರುತ್ತದೆ. "ಏನಪ್ಪಾ?" ಎಂದ. "ಏನಿಲ್ಲ, ಅನ್ನ ಹಾಕಿಕೋ" ಎಂದೆ.

ಇದೇ ಮಿಯಾಗಿಯ ಸಿಂಪಿ ಫ್ರಾನ್ಸಿಗೂ ಹೋಯಿತು. 1960ರ ದಶಕದ ಕೊನೆಯಲ್ಲಿ ರೋಗ ಬಂದು ಫ್ರಾನ್ಸಿನ ಸಿಂಪಿಗಳು ನಾಶವಾದಾಗ 1970ರ ದಶಕದ ಆರಂಭದಲ್ಲಿ ಜಪಾನಿನಿಂದ ತಳಿ ತರಿಸಿ ಆ ಕಸುಬನ್ನು ಉಳಿಸಿಕೊಂಡರು. ನಾಲ್ಕು ದಶಕದ ಮೇಲೆ, 2011ರ ಮಾರ್ಚಿನಲ್ಲಿ, ಸುನಾಮಿ ಎದ್ದು ಮಿಯಾಗಿಯ ಸಿಂಪಿಗದ್ದೆಗಳನ್ನೆಲ್ಲ ಗುಡಿಸಿಕೊಂಡು ಹೋಯಿತು. ಆಗ ಫ್ರಾನ್ಸಿನವರು ಹಳೆಯ ಉಪಕಾರ ನೆನೆದು ಅಲ್ಲಿಗೆ ಬೇಸಾಯದ ಸಲಕರಣೆಗಳನ್ನು ಕಳಿಸಿಕೊಟ್ಟರು. ನೀರಿನ ಋಣವನ್ನು ತೀರಿಸುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆಯೆಂದು ಭಾವಿಸಬೇಕಾಗಿಲ್ಲ.

ಆದರೆ ಈಗ ಬಂದಿರುವ ಕಷ್ಟ ಒಂದು ಕೊಲ್ಲಿಯದಲ್ಲ. 2005ರ ಈಚೆಗಿನ ಕೆಲವು ವರ್ಷಗಳಲ್ಲಿ ಅಮೆರಿಕದ ಪಶ್ಚಿಮ ತೀರದ ಮರಿಮನೆಗಳಲ್ಲಿ ಸಿಂಪಿಯ ಮರಿಗಳು ಕೋಟಿಗಟ್ಟಲೆ ಸತ್ತವು. ರೋಗವಿರಬೇಕೆಂದು ಮೊದಲು ಹುಡುಕಿದರು. ತಪ್ಪು ನೀರಿನದೆಂದು ಆಮೇಲೆ ತಿಳಿಯಿತು. ನಾವು ಸುಡುವ ಕಲ್ಲಿದ್ದಲು ಪೆಟ್ರೋಲುಗಳ ಹೊಗೆಯಲ್ಲಿನ ಇಂಗಾಲಾಮ್ಲದ ಒಂದು ಪಾಲನ್ನು ಕಡಲು ಹೀರಿಕೊಂಡು ಹುಳಿಯಾಗುತ್ತ ಬಂದಿದೆ. ಆಳದಿಂದ ಮೇಲೆದ್ದ ಅಂಥ ನೀರಿನಲ್ಲಿ ಎಳೆಯ ಮರಿಗೆ ಚಿಪ್ಪು ಕಟ್ಟಿಕೊಳ್ಳಲು ಆಗದು. ಒರೆಗಾನಿನ ನೆಟಾರ್ಟ್ಸ್ ಕೊಲ್ಲಿಯ ಮರಿಮನೆಯಲ್ಲಿ ಇದನ್ನು ಕಂಡುಹಿಡಿದ ಮೇಲೆ, ನೀರಿನ ಹುಳಿಯನ್ನು ಗಳಿಗೆ ಗಳಿಗೆಗೆ ಅಳೆದು, ಬಟ್ಟೆ ಒಗೆಯುವ ಸೋಡದ ಜಾತಿಯ ಪುಡಿಯನ್ನು ಬೆರೆಸಿ ಹದಮಾಡಿ ಮರಿಗಳಿಗೆ ಕೊಡುವ ಕ್ರಮ ಬಂತು. ಹಸುಗೂಸಿಗೆ ನೀರು ಕಾಯಿಸಿ ಆರಿಸಿ ಕೊಡುವಂತೆ! 2021ರ ಜೂನ್ ಕೊನೆಯಲ್ಲಿ ಅದೇ ತೀರದಲ್ಲಿ ಹಿಂದೆಂದೂ ಕಾಣದ ಬಿಸಿಲು ಬಿದ್ದು, ಮಧ್ಯಾಹ್ನದ ಇಳಿತದಲ್ಲಿ ದಡದ ಚಿಪ್ಪುಜೀವಿಗಳು ಕೂತ ಕೂತಲ್ಲೇ ಬೆಂದುಹೋದುವು. ತಣ್ಣೀರಿನ ಪ್ರದೇಶವೆಂಬ ಹೆಸರಿಗೂ ಇನ್ನು ಎಷ್ಟು ಕಾಲ ಅರ್ಥವಿದ್ದೀತು ಎಂದು ಅಲ್ಲಿಯವರಿಗೆ ಚಿಂತೆ.

ಜನವರಿಯ ಕೊನೆಯ ದಿನ ನಮ್ಮೂರಿನ ಸುದ್ದಿಯೊಂದು ಫೋನಿನಲ್ಲಿ ಬಂತು. ಅಘನಾಶಿನಿಯ ಅಳಿವೆ ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮುಖ್ಯ ಜೌಗುನೆಲೆಗಳ ಪಟ್ಟಿಗೆ, ಸೇರಿತೆಂದು. ಅಣೆಕಟ್ಟಿಲ್ಲದೆ ಹರಿಯುವ ಹೊಳೆ ಅದು. ಅದರ ಒಡಲಿನಿಂದ ಸುಣ್ಣ ಸಿಮೆಂಟುಗಳಿಗೆಂದು ಚಿಪ್ಪು ಅಗೆದು ಒಯ್ದದ್ದನ್ನು ನ
ೋಡಿದವನು ನಾನು. ಪಟ್ಟಿಗೆ ಸೇರಿದ ಮಾತ್ರಕ್ಕೆ ನೀರು ಉಳಿಯುವುದಿಲ್ಲ. ಆದರೂ ಆ ದಿನ ಸಂತೋಷವಾಯಿತು. ಮೊಮ್ಮಗಳನ್ನು ಕೂರಿಸಿಕೊಂಡು ಫೋನಿನ ನಕಾಶೆಯಲ್ಲಿ ಹೊಳೆ ತೋರಿಸಿದೆ. "ಅಜ್ಜ, ನಿಮ್ಮ ಸಿಂಪಿಗೆ ಯಾವ ಟೇಸ್ಟು?" ಎಂದಳು. ತೆಂಗಿನಕಾಯಿಯ ರುಚಿ ಎಂದೆ. ಅವಳಿಗೆ ಅದು ಸಮಾಧಾನವಾಗಲಿಲ್ಲ. ಅವಳು ಕಣ್ಣು ಮುಚ್ಚಿ ಒಂದು ಚೂರು ತಿಂದು "ಇದು ಟಾಟನ್, ಇದು ಹುಡ್" ಎಂದು ಹೇಳಬಲ್ಲಳು. ಆ ನೀರಿನಲ್ಲಿ ಹುಟ್ಟಿದವಳು.

ಹುಟ್ಟಿದ ನೀರು ಎಂದೆನಲ್ಲ, ಅದರ ವಿಷಯದಲ್ಲಿ ಸಿಂಪಿಯ ಬೇಸಾಯಗಾರರು ನಮ್ಮಷ್ಟು ಭಾವುಕರಲ್ಲ. ಪ್ಯೂಜೆಟ್ ಸೌಂಡಿನಲ್ಲಿ ಬೆಳೆಯುವ ಎಷ್ಟೋ ಸಿಂಪಿಗಳು ಹುಟ್ಟಿರುವುದು ಹವಾಯಿಯ ಮರಿಮನೆಗಳಲ್ಲಿ. ಹವಾಯಿಯ ರುಚಿ ಅವುಗಳಲ್ಲಿ ಲವಲೇಶವೂ ಇರುವುದಿಲ್ಲ. ಬಲಿತ ಸಿಂಪಿಯನ್ನು ಬೇರೆ ನೀರಿಗೆ ಒಯ್ದರೂ ಕೆಲವು ವಾರಗಳಲ್ಲಿ ಅದರ ರುಚಿ ತಿರುಗುತ್ತದೆ. ಫ್ರಾನ್ಸಿನ ಮರೆನ್-ಒಲೆರಾನ್ ಎಂಬಲ್ಲಿ ಇದೇ ಒಂದು ಕಲೆ. ಅಲ್ಲಿ, ನಮ್ಮ ಸಾಣಿಕಟ್ಟೆಯ ಉಪ್ಪಿನಾಗರದಂತೆ ಹಿಂದೆ ಉಪ್ಪು ಬೆಳೆಯುತ್ತಿದ್ದ ಪಾತಿಗಳಲ್ಲಿ ಬೆಳೆದ ಸಿಂಪಿಯನ್ನು ತಂದು ಬಿಡುತ್ತಾರೆ. ಅಲ್ಲಿಯ ನೀಲಿ ಪಾಚಿಯನ್ನು ತಿಂದು ಅದರ ಕಿವಿರು ಹಸಿರಾಗುತ್ತದೆ, ರುಚಿ ನಯವಾಗುತ್ತದೆ, ಬೆಲೆ ಏರುತ್ತದೆ. ಮುದಿತನದಲ್ಲಿ ನೀರು ಬದಲಾಯಿಸಿದರೆ ಏನಾದೀತು ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ.

ಮಗನಿಗೆ ಇದನ್ನು ಹೇಳಿದಾಗ ಅವನು ವಕೀಲನಂತೆ ಹಿಡಿದುಕೊಂಡ. "ನೋಡಿದೆಯಾ ಅಪ್ಪಾ, ನಾಲ್ಕೇ ವಾರ. ನೀನು ಮೂರು ತಿಂಗಳು ಇದ್ದಾಯಿತು." ನಾನು ಬಾರಿನಿಂದ ಮೊಮ್ಮಗಳು ಆಯ್ದು ತಂದಿದ್ದ ಚಿಪ್ಪೊಂದನ್ನು ಕಿಟಕಿಯಿಂದ ತೆಗೆದು ಅವನ ಕೈಯಲ್ಲಿಟ್ಟೆ. ಚಿಪ್ಪು ಪದರ ಪದರವಾಗಿ ಬೆಳೆಯುತ್ತದೆ. ಹೊಸ ನೀರಿಗೆ ಬಂದ ಮೇಲೆ ಕಟ್ಟಿದ್ದು ಅಂಚಿನಲ್ಲಿ. ಹಳೆಯ ನೀರಿನಲ್ಲಿ ಕಟ್ಟಿದ್ದು ಕೀಲಿನ ಹತ್ತಿರ ಹಾಗೆಯೇ ಉಳಿದಿರುತ್ತದೆ. ಮಾಂಸ ಮರೆಯುತ್ತದೆ, ಚಿಪ್ಪು ಮರೆಯುವುದಿಲ್ಲ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನ ಚಿಪ್ಪಿನಲ್ಲೂ ಕೀಲಿನ ಹತ್ತಿರ ನಾಲ್ಕೈದು ಊರುಗಳ ನೀರಿದೆ. ನಾವು ವರ್ಗವಾಗಿ ಅಲೆದ ಊರುಗಳು. ಇಬ್ಬರಿಗೂ ಒಂದೇ ಹೆಂಗಸು ಬೇಳೆ ಬೇಯಿಸಿ ಹಾಕಿದ ಊರುಗಳು.

ಸಿಯಾಟಲ್ ನೀರಿನ ವಿಷಯದಲ್ಲಿ ಅವಳ ಪ್ರಶ್ನೆಯನ್ನು ನಾನೇ ಕೇಳಿಕೊಂಡು ನಾನೇ ನೋಡಿಯೂ ಆಗಿತ್ತು. ಆ ಊರಿಗೆ ನೀರು ಬರುವುದು ಬೆಟ್ಟಗಳ ಕಡೆಯಿಂದ ಹರಿಯುವ ಸೀಡರ್, ಟೋಲ್ಟ್ ನದಿಗಳಿಂದ. ಬಹಳ ಮೆದು ನೀರು. ಮೂರು ಸೀಟಿಗೆ ಬೇಳೆ ಬೆಣ್ಣೆಯಾಗುತ್ತದೆ. ಅವಳಿದ್ದಿದ್ದರೆ ಆ ಊರನ್ನು ಯಾವ ಪಂಗಡಕ್ಕೆ ಸೇರಿಸುತ್ತಿದ್ದಳೆಂಬುದರಲ್ಲಿ ಸಂಶಯವಿಲ್ಲ. ಸೊಸೆ ಮಾಡಿದ ಸಾರೂ ಚೆನ್ನಾಗಿತ್ತು. ಹಾಗಿದ್ದೂ ಬೆಂಗಳೂರಿನ ಮನೆಯ ಬೀಗದ ಕೈಯನ್ನು ಮಗನಿಗೆ ಕೊಟ್ಟು "ಮಾರಿಬಿಡು" ಎನ್ನಲು ನಾಲಗೆ ಏಳಲಿಲ್ಲ. ಸಿಂಪಿಯನ್ನು ಯಾರೋ ಒಯ್ಯುತ್ತಾರೆ, ಯಾರೋ ಬಿಡುತ್ತಾರೆ, ಅದನ್ನು ಕೇಳುವವರಿಲ್ಲ. ನನ್ನನ್ನು ಕೇಳುವವನಿದ್ದ; ಕಾಲುಗಳೂ ಇನ್ನೂ ಗಟ್ಟಿಯಾಗಿದ್ದವು.

ಹೊರಡುವ ಹಿಂದಿನ ರಾತ್ರಿ ಲೆಕ್ಕ ಇತ್ಯರ್ಥವಾಯಿತು. "ಆರ್ ಇಲ್ಲದ ತಿಂಗಳಲ್ಲಿ ನನ್ನನ್ನು ಕರೆಯಬೇಡ" ಎಂದೆ. "ಮೇ ತಿಂಗಳಲ್ಲಿ ಮಾವು, ಹಲಸು; ಜೂನಿನಿಂದ ಕುಮಟೆಯ ಮಳೆ. ಅದನ್ನು ಬಿಟ್ಟು ನಾನು ಬರಲಾರೆ. ಆರ್ ಇರುವ ತಿಂಗಳು ಎಂಟಿವೆ. ಅದರಲ್ಲಿ ಮೂರು ನಿನ್ನವು. ಯಾವ ಮೂರೆಂದು ನೀನೇ ಹೇಳು." ಮಗ ನಕ್ಕು ಸುಮ್ಮನಾದ, ಅವನಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ, ನನಗೂ ಆಗಿರಲಿಲ್ಲ. ಮೊಮ್ಮಗಳು ಮಾತ್ರ ಬೆರಳು ಮಡಿಸಿ ತಿಂಗಳುಗಳನ್ನು ಎಣಿಸಿ, ನವೆಂಬರ್, ಡಿಸೆಂಬರ್, ಜನವರಿ ಎಂದು ತೀರ್ಪು ಕೊಟ್ಟಳು. ಒಲಿಂಪಿಯಾ ಆಗ ಚೆನ್ನಾಗಿರುತ್ತದಂತೆ.